ಸಕ್ಕರೆ ಅಚ್ಚಿನಿಂದ ಚಾಕಲೇಟ್ ಅಚ್ಚಿಗೆ

ಅಚ್ಚು ಎಂಬುದು ಕನ್ನಡ ನಾಡಿನ ಅಡುಗೆಮನೆಗೆ ಹೊಸ ವಸ್ತುವಲ್ಲ. ಸಂಕ್ರಾಂತಿ ಹತ್ತಿರ ಬಂತೆಂದರೆ ಹಳೆಯ ಮೈಸೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಮರದ ಅಚ್ಚುಗಳು ಕೆಳಗಿಳಿಯುತ್ತವೆ. ಅವುಗಳನ್ನು ನೀರಿನಲ್ಲಿ ನೆನೆಹಾಕಿ, ತುಂಡುಗಳನ್ನು ಜೋಡಿಸಿ, ದಾರ ಬಿಗಿದು, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಬೆಳ್ಳಗಾಗುವವರೆಗೆ ತಿರುವಿ ಹೊಯ್ದರೆ ಆನೆ, ಮೀನು, ಗೋಪುರ, ತುಳಸಿ ಬೃಂದಾವನ ಹೊರಬರುತ್ತವೆ. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗಾಗಿ ನಡೆಯುತ್ತದೆ. ದ್ರವವಾಗಿರುವ ಸಿಹಿಯನ್ನು ಒಂದು ಪೊಳ್ಳಿನಲ್ಲಿ ತುಂಬಿ, ಅದು ಗಟ್ಟಿಯಾದ ಮೇಲೆ ಬಿಡಿಸಿಕೊಳ್ಳುವ ಈ ತತ್ತ್ವವೇ ಚಾಕಲೇಟ್ ಅಚ್ಚಿನದ್ದೂ ಆಗಿದೆ. ಬದಲಾಗಿರುವುದು ಅಚ್ಚಿನ ವಸ್ತು ಮಾತ್ರ. ಮರದ ಜಾಗಕ್ಕೆ ಈಗ ಸಿಲಿಕೋನ್ ರಬ್ಬರ್ ಬಂದಿದೆ.

ಮನೆಯಲ್ಲೇ ತಮಗೆ ಬೇಕಾದ ಆಕಾರದ ಚಾಕಲೇಟ್ ಅಚ್ಚು ಮಾಡಿಕೊಳ್ಳುವುದು ಹೇಗೆ ಎಂಬುದು ಈ ಭಾಷಣದ ವಿಷಯ. ಪ್ರಸಾರದ ಅವಧಿಯಲ್ಲಿ ಹೇಳಲು ಸಮಯ ಸಾಲದೆ ಹೋದ ಅಳತೆ, ಲೆಕ್ಕ, ಎಚ್ಚರಿಕೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದರಿಂದ ಅನುಕೂಲವಾದೀತು.

ಅಚ್ಚು ಎರೆಯುವ ಕೆಲಸ ಕಷ್ಟದ್ದಲ್ಲ. ಎರಡು ದ್ರವಗಳನ್ನು ತೂಕ ಮಾಡಿ, ಬೆರೆಸಿ, ಮಾದರಿಯ ಮೇಲೆ ಸುರಿದು, ರಾತ್ರಿ ಕಳೆಯುವವರೆಗೆ ಕಾದರೆ ಮುಗಿಯಿತು. ಕಷ್ಟವಿರುವುದು ಅದಕ್ಕೂ ಮೊದಲು. ಯಾವ ರಬ್ಬರ್ ತರಬೇಕು, ಯಾವ ವಸ್ತುವನ್ನು ಮಾದರಿಯಾಗಿ ಇಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಕೈಚಳಕ. ಈ ಎರಡರಲ್ಲಿ ತಪ್ಪಿದರೆ ಎಷ್ಟು ಅಂದವಾದ ಅಚ್ಚೂ ಊಟದ ಪದಾರ್ಥಕ್ಕೆ ಯೋಗ್ಯವಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಓದಿದ್ದು ವಿಜ್ಞಾನ, ಹೊಟ್ಟೆಪಾಡು ಸ್ಟುಡಿಯೋದಲ್ಲಿ. ನಾಟಕಗಳಿಗೆ, ಮಕ್ಕಳ ಕಾರ್ಯಕ್ರಮಗಳಿಗೆ ಬೇಕಾಗುವ ವಿಗ್ರಹ, ಕಿರೀಟ, ಹಣ್ಣುಹಂಪಲುಗಳನ್ನು ನಮ್ಮ ಸೆಟ್ ಕೆಲಸಗಾರರು ಸಿಲಿಕೋನ್ ಅಚ್ಚಿನಲ್ಲೇ ಎರೆಯುತ್ತಾರೆ. ಒಮ್ಮೆ ಹೀಗೆ ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಒಂದಿಷ್ಟು ರಬ್ಬರ್ ಉಳಿಯಿತು. ಮಗಳ ಹುಟ್ಟುಹಬ್ಬಕ್ಕೆ ಅವಳ ಹೆಸರಿನ ಅಕ್ಷರಗಳ ಚಾಕಲೇಟ್ ಮಾಡಬೇಕೆಂದಿದ್ದ ಸಹೋದ್ಯೋಗಿಯೊಬ್ಬರು, "ಇದೂ ಸಿಲಿಕೋನೇ ಅಲ್ಲವೇ ಸಾರ್, ನನಗೆ ಕೊಡಿ" ಎಂದು ಕೇಳಿದರು. ಬೇಡ ಎಂದೆ. ಡಬ್ಬಿಯ ಮೇಲೆ ಸಿಲಿಕೋನ್ ಎಂದೇ ಬರೆದಿತ್ತು. ಆದರೆ ಅದು ಬಾಯಿಗೆ ಹೋಗುವ ಪದಾರ್ಥಕ್ಕೆ ಆಗದ ಸಿಲಿಕೋನ್. ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಹಾಗಾಗಿ ತಿಳಿದುಕೊಂಡೇ ಕೊಳ್ಳಬೇಕು.

ಮೊದಲು ಸಿಲಿಕೋನ್ ಎಂದರೇನು ಎಂದು ನೋಡೋಣ. ಮರಳಿನಲ್ಲಿ ಸಿಲಿಕಾನ್ ಎಂಬ ಮೂಲವಸ್ತು ಆಮ್ಲಜನಕದೊಡನೆ ಸೇರಿಕೊಂಡಿದೆ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಬಂದು ಉದ್ದನೆಯ ಸರಪಣಿಯಾಗಿ, ಆ ಸರಪಣಿಯ ಎರಡೂ ಮಗ್ಗುಲಿಗೆ ಇಂಗಾಲ ಮತ್ತು ಜಲಜನಕದ ಚಿಕ್ಕ ಗುಂಪುಗಳು ಅಂಟಿಕೊಂಡರೆ ಅದು ಸಿಲಿಕೋನ್. ಸಿಲಿಕಾನ್ ಮೂಲವಸ್ತು, ಸಿಲಿಕೋನ್ ಅದರಿಂದಾದ ಸಂಯುಕ್ತ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನ ವಿಜ್ಞಾನಿ ದಶಕಗಳ ಕಾಲ ಇಂಥ ಸಂಯುಕ್ತಗಳ ಮೇಲೆ ದುಡಿದರು. ಸಿಲಿಕೋನ್ ಎಂಬ ಹೆಸರು ಬಂದದ್ದೂ ಅವರಿಂದಲೇ. ಅವರ ಪಾತ್ರೆಗಳಲ್ಲಿ ಉಳಿಯುತ್ತಿದ್ದ ಅಂಟು ಪದಾರ್ಥದಿಂದ ಹೆಚ್ಚಿನ ಪ್ರಯೋಜನವಾದೀತೆಂಬ ನಂಬಿಕೆ ಅವರಿಗೇ ಇರಲಿಲ್ಲ. 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯೂಜೀನ್ ರೋಕೋ ಇದರ ಮೂಲ ಸಾಮಗ್ರಿಯನ್ನು ನೇರವಾಗಿ, ಹೇರಳವಾಗಿ ತಯಾರಿಸುವ ವಿಧಾನ ಕಂಡುಹಿಡಿದರು. ಆಮೇಲೆ ಇದು ಕಾರ್ಖಾನೆಯ ವಸ್ತುವಾಯಿತು.

ನಾವು ಕೊಳ್ಳುವ ಸಿಲಿಕೋನ್ ಜೇನುತುಪ್ಪದಂಥ ದ್ರವ. ಅದರಲ್ಲಿ ಸರಪಣಿಗಳು ಬಿಡಿಬಿಡಿಯಾಗಿರುತ್ತವೆ. ಅವು ಒಂದಕ್ಕೊಂದು ಗಂಟುಬಿದ್ದು ಬಲೆಯಾದಾಗ ದ್ರವ ರಬ್ಬರಾಗುತ್ತದೆ. ಈ ಗಂಟು ಹಾಕಿಸಲು ಒಂದು ಕ್ರಿಯಾವರ್ಧಕ ಬೇಕು. ಅಚ್ಚು ಎರೆಯುವ ಸಿಲಿಕೋನ್‌ಗಳಲ್ಲಿ ಎರಡು ಪಂಗಡಗಳಾಗುವುದು ಇಲ್ಲಿಯೇ.

ಒಂದನೆಯದರಲ್ಲಿ ತವರದ ಸಾವಯವ ಸಂಯುಕ್ತ ಕ್ರಿಯಾವರ್ಧಕವಾಗಿರುತ್ತದೆ. ಗಂಟುಗಳು ಬೀಳುವಾಗ ಮದ್ಯಸಾರದ ಜಾತಿಯ ಉಪವಸ್ತು ಹೊರಬಿದ್ದು ಆವಿಯಾಗುತ್ತದೆ. ಅಷ್ಟರಮಟ್ಟಿಗೆ ಅಚ್ಚು ಕುಗ್ಗುತ್ತದೆ. ಕ್ರಿಯಾವರ್ಧಕದ ಅಂಶ ರಬ್ಬರಿನಲ್ಲೇ ಉಳಿಯುತ್ತದೆ. ಇದರ ಬೆಲೆ ಕಡಿಮೆ, ಹಟ ಕಡಿಮೆ, ಬಹುಮಟ್ಟಿಗೆ ಯಾವ ಮಾದರಿಯ ಮೇಲೆ ಸುರಿದರೂ ಗಟ್ಟಿಯಾಗುತ್ತದೆ. ಸ್ಟುಡಿಯೋದ ವಿಗ್ರಹ, ಮೇಣದ ಬತ್ತಿ, ಪ್ಲಾಸ್ಟರ್ ಗೊಂಬೆಗಳಿಗೆ ಒಳ್ಳೆಯದು. ತಿನ್ನುವ ಪದಾರ್ಥಕ್ಕೆ ಸಲ್ಲದು.

ಎರಡನೆಯದರಲ್ಲಿ ಕ್ರಿಯಾವರ್ಧಕ ಪ್ಲಾಟಿನಂ. ಅದೂ ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗದಷ್ಟು. ಇಲ್ಲಿ ಒಂದು ಸರಪಣಿಯ ಕೊಂಡಿ ಇನ್ನೊಂದಕ್ಕೆ ನೇರವಾಗಿ ಸೇರಿಕೊಳ್ಳುತ್ತದೆ. ಉಪವಸ್ತು ಹುಟ್ಟುವುದಿಲ್ಲ, ಕುಗ್ಗುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಆಹಾರಕ್ಕೆ ಯೋಗ್ಯವೆಂದು ಮಾರಾಟವಾಗುವ ಅಚ್ಚಿನ ದ್ರವ ಈ ಪಂಗಡಕ್ಕೆ ಸೇರಿದ್ದಾಗಿರಬೇಕು. ಆದರೆ ಪ್ಲಾಟಿನಂ ಪಂಗಡದ್ದೆಲ್ಲ ಆಹಾರಕ್ಕೆ ಯೋಗ್ಯವೆಂದು ತಿಳಿಯಬಾರದು. ಅದರಲ್ಲೂ ಕೈಗಾರಿಕೆಗೆಂದೇ ಎಣ್ಣೆ, ಬಣ್ಣ ಬೆರೆಸಿದವು ಇವೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಹಾಕಿಸುತ್ತಿದ್ದ ಕಲಾಯಿಯೂ ತವರವೇ ತಾನೆ? ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಬಾರದೆಂದು ಅಜ್ಜಿಯರು ಹೇಳುತ್ತಿದ್ದರು. ಅಲ್ಲಿ ಕಾಪಾಡುತ್ತಿದ್ದ ತವರ ಇಲ್ಲಿ ಹೇಗೆ ಕೆಟ್ಟದ್ದಾಯಿತು? ಉತ್ತರ ಇಷ್ಟೆ. ಕಲಾಯಿಯಲ್ಲಿರುವುದು ಲೋಹದ ರೂಪದ ತವರ. ಅದು ಹೊಟ್ಟೆಗೆ ಹೋದರೂ ದೇಹ ಹೀರಿಕೊಳ್ಳುವುದು ಬಲು ಕಡಿಮೆ. ರಬ್ಬರಿನಲ್ಲಿರುವುದು ಇಂಗಾಲದ ಗುಂಪುಗಳನ್ನು ಹೊತ್ತ ತವರದ ಸಂಯುಕ್ತ. ಅದು ಕೊಬ್ಬಿನಲ್ಲಿ ಕರಗಬಲ್ಲದು, ಜೀವಕೋಶಗಳಿಗೆ ಸುಲಭವಾಗಿ ತಲುಪಬಲ್ಲದು. ಮೂಲವಸ್ತು ಒಂದೇ ಆದರೂ ಸಂಯುಕ್ತ ಬೇರೆಯಾದರೆ ಗುಣವೂ ಬೇರೆ. ಅಡುಗೆಯ ಉಪ್ಪಿನಲ್ಲೂ ಕ್ಲೋರಿನ್ ಇದೆ, ವಿಷದ ಅನಿಲವೂ ಕ್ಲೋರಿನ್ನೇ ಎಂಬುದನ್ನು ನೆನಪಿಸಿಕೊಂಡರೆ ಸಾಕು.

ಕೊಬ್ಬಿನ ಮಾತು ಬಂದದ್ದರಿಂದ ಇನ್ನೊಂದು ಅಂಶ. ಚಾಕಲೇಟ್ ಅಚ್ಚಿಗೆ ಹೋಗುವಾಗ ಅದರ ಬಿಸಿ 30 ಡಿಗ್ರಿಯ ಆಸುಪಾಸು. ಮೈಯ ಬಿಸಿಗಿಂತ ಕಡಿಮೆ. ಇಷ್ಟು ತಣ್ಣನೆಯ ಪದಾರ್ಥಕ್ಕೆ ಯಾವ ಅಚ್ಚಾದರೇನು ಎಂದು ವಾದಿಸುವವರಿದ್ದಾರೆ. ಅವರು ಮರೆಯುವುದು ಚಾಕಲೇಟಿನ ಕೊಬ್ಬನ್ನು. ಒಳ್ಳೆಯ ಚಾಕಲೇಟಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕೋಕೋ ಬೆಣ್ಣೆ ಇರುತ್ತದೆ. ರಬ್ಬರಿನಲ್ಲಿ ಸರಪಣಿಗೆ ಸೇರದೆ ಉಳಿದ ಚಿಕ್ಕ ಸಿಲಿಕೋನ್ ಅಣುಗಳು ನೀರಿಗೆ ಇಳಿಯುವುದಿಲ್ಲ, ಕೊಬ್ಬಿಗೆ ಇಳಿಯುತ್ತವೆ. ಹೀಗಾಗಿ ಬಿಸಿ ಕಡಿಮೆಯಿರುವುದು ಒಂದು ಅನುಕೂಲವೇ ಹೊರತು ಎಚ್ಚರ ಬಿಡಲು ಕಾರಣವಲ್ಲ. ಈ ಚಿಕ್ಕ ಅಣುಗಳಲ್ಲಿ ಮೂರನ್ನು ಯೂರೋಪಿನ ಒಕ್ಕೂಟ 2018ರಲ್ಲಿ ಹೆಚ್ಚಿನ ಕಾಳಜಿಯ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಪರಿಸರದಲ್ಲಿ ಬೇಗ ಕರಗಿಹೋಗದೆ ಉಳಿಯುತ್ತವೆ ಎಂಬುದು ಅದಕ್ಕೆ ಮುಖ್ಯ ಕಾರಣ.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? "ಫುಡ್ ಗ್ರೇಡ್ ಕೊಡಿ" ಎಂದಷ್ಟೇ ಕೇಳಿದರೆ ಸಾಲದು. ಆ ಎರಡು ಪದಗಳನ್ನು ಯಾರು ಬೇಕಾದರೂ ಡಬ್ಬಿಯ ಮೇಲೆ ಅಂಟಿಸಬಹುದು. ತಯಾರಕರ ತಾಂತ್ರಿಕ ವಿವರಪತ್ರವನ್ನು ಕೇಳಿ. ಅದರಲ್ಲಿ ಮೂರು ಸಂಗತಿಗಳನ್ನು ಹುಡುಕಿ. ಒಂದು, ಪ್ಲಾಟಿನಂನಿಂದ ಗಟ್ಟಿಯಾಗುವ ರಬ್ಬರ್ ಎಂಬ ಸ್ಪಷ್ಟ ಮಾತು. ಎರಡು, ಯಾವ ಆಹಾರ ನಿಯಮಕ್ಕೆ ಅದು ಹೊಂದುತ್ತದೆ ಎಂಬುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ ಸಂಖ್ಯೆ 177.2600, ಆಹಾರಕ್ಕೆ ಮತ್ತೆ ಮತ್ತೆ ತಾಗುವ ರಬ್ಬರ್ ವಸ್ತುಗಳ ಕುರಿತದ್ದು. ಜರ್ಮನಿಯ ಬಿ.ಎಫ್.ಆರ್. ಸಂಸ್ಥೆಯ ಶಿಫಾರಸು ಇನ್ನೂ ಬಿಗಿಯಾದದ್ದು. ಸಿಲಿಕೋನನ್ನು 200 ಡಿಗ್ರಿಯಲ್ಲಿ 4 ಗಂಟೆ ಕಾಯಿಸಿದಾಗ ಆವಿಯಾಗಿ ಹೋಗುವ ಅಂಶ ಶೇಕಡಾ 0.5ನ್ನು ಮೀರಬಾರದು ಎಂದು ಅದು ಹೇಳುತ್ತದೆ. ಮೂರು, ಬೆರೆಸುವ ಪ್ರಮಾಣ, ಗಟ್ಟಿಯಾಗುವ ಅವಧಿ, ಆಮೇಲೆ ಕಾಯಿಸಬೇಕಾದ ಕ್ರಮ. ಈ ವಿವರಪತ್ರ ಕೊಡಲಾಗದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ಸ್ನಾನದ ಮನೆಯ ಸಂದಿಗೆ ತುಂಬುವ ಕೊಳವೆಯ ಸಿಲಿಕೋನನ್ನು ಸೋಪಿನ ನೀರಿನಲ್ಲಿ ನಾದಿ ಅಚ್ಚು ಮಾಡುವ ಉಪಾಯ ಹಲವರಿಗೆ ಗೊತ್ತು. ಅಗ್ಗವಾದ್ದರಿಂದ ಜನಪ್ರಿಯವೂ ಆಗಿದೆ. ಆ ಅಂಟಿನಲ್ಲಿ ಮೂಗಿಗೆ ಬಡಿಯುವ ವಿನಿಗರ್ ವಾಸನೆ ಅಸಿಟಿಕ್ ಆಮ್ಲದ್ದು. ವಾಸನೆ ಹೋಗುತ್ತದೆ ನಿಜ. ಆದರೆ ಗೋಡೆಯ ಸಂದಿಯಲ್ಲಿ ಬೂಷ್ಟು ಬರದಿರಲೆಂದು ಇಂಥ ಅಂಟುಗಳಲ್ಲಿ ಬೆರೆಸುವ ಶಿಲೀಂಧ್ರನಾಶಕ ಹೋಗುವುದಿಲ್ಲ. ಬೂಷ್ಟನ್ನು ಕೊಲ್ಲಲು ಹಾಕಿದ್ದನ್ನು ಮಕ್ಕಳ ಚಾಕಲೇಟಿಗೆ ತಾಗಿಸುವುದು ಬೇಡ.

ಇನ್ನು ಎರಡನೆಯ ಪ್ರಶ್ನೆ, ಮಾದರಿಯದು. ಅಚ್ಚು ಮಾದರಿಯ ಆಕಾರವನ್ನಷ್ಟೇ ಅಲ್ಲ, ಅದರ ಮೈಯನ್ನೂ ಎತ್ತಿಕೊಳ್ಳುತ್ತದೆ. ನಯವಾದ ಮಾದರಿಯಿಂದ ಹೊಳೆಯುವ ಚಾಕಲೇಟ್, ಒರಟು ಮಾದರಿಯಿಂದ ಮಂಕು ಚಾಕಲೇಟ್. ಬೆರಳಿನ ಗುರುತು ಬಿದ್ದಿದ್ದರೆ ಅದೂ ಬರುತ್ತದೆ. ಮಾದರಿಯ ಮೇಲಿನ ಬಣ್ಣ, ಎಣ್ಣೆ, ಕೊಳೆ ರಬ್ಬರಿಗೆ ತಾಗುತ್ತವೆ. ಬಣ್ಣ ಬಳಿದ ಹಳೆಯ ಆಟಿಕೆ, ಮೆದು ಪ್ಲಾಸ್ಟಿಕ್ ಗೊಂಬೆ ಇವುಗಳನ್ನು ದೂರವಿಡುವುದೇ ಲೇಸು.

ಪ್ಲಾಟಿನಂ ರಬ್ಬರಿಗೆ ಇನ್ನೊಂದು ಹಟವಿದೆ. ಗಂಧಕ, ಅಮೈನು, ತವರದ ಸಂಯುಕ್ತ ಇವುಗಳ ಸೋಂಕು ತಗುಲಿದರೆ ಕ್ರಿಯಾವರ್ಧಕ ಕೆಲಸ ಮಾಡದೆ ಕುಳಿತುಬಿಡುತ್ತದೆ. ಸೋಂಕು ತಗುಲಿದ ಕಡೆ ರಬ್ಬರ್ ಎಂದೆಂದಿಗೂ ಅಂಟಂಟಾಗಿಯೇ ಉಳಿಯುತ್ತದೆ. ಮಕ್ಕಳು ಆಡುವ ಬಣ್ಣದ ಮೇಣಜೇಡಿಯಲ್ಲಿ ಅನೇಕ ವೇಳೆ ಗಂಧಕವಿರುತ್ತದೆ. ಲ್ಯಾಟೆಕ್ಸ್ ಕೈಗವಸಿನಲ್ಲೂ ಇರುತ್ತದೆ. ಬೆಳಕಿನಿಂದ ರಾಳವನ್ನು ಗಟ್ಟಿ ಮಾಡುವ ತ್ರೀಡಿ ಪ್ರಿಂಟರಿನ ಮಾದರಿಗಳೂ ಈ ತೊಂದರೆ ಕೊಡುತ್ತವೆ. ಕೈಗೆ ವಿನೈಲ್ ಕವಸು ಹಾಕಿಕೊಳ್ಳಿ. ಹೊಸ ಮಾದರಿಯ ಒಂದು ಮೂಲೆಯ ಮೇಲೆ ನಾಲ್ಕು ಹನಿ ರಬ್ಬರ್ ಹಾಕಿ, ಗಟ್ಟಿಯಾಗುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿ.

ನನ್ನನ್ನು ಕೇಳಿದರೆ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ಮಾದರಿ ಒಂದಿದೆ. ಅದೇ ಸಂಕ್ರಾಂತಿಯ ಸಕ್ಕರೆ ಅಚ್ಚು. ಅಟ್ಟದ ಮೇಲಿನ ಮರದ ಅಚ್ಚು ಬಿರುಕು ಬಿಟ್ಟಿರಬಹುದು, ಒಂದೇ ಜೊತೆ ಉಳಿದು ಅಕ್ಕತಂಗಿಯರ ನಡುವೆ ಹಂಚಿಕೊಳ್ಳಲಾಗದೆ ಇರಬಹುದು. ಆ ಮರದ ಮೇಲೆ ನೇರವಾಗಿ ರಬ್ಬರ್ ಸುರಿಯಬೇಡಿ. ಮರದ ರಂಧ್ರಗಳಲ್ಲಿ ಇಳಿದು ಹಿಡಿದುಕೊಂಡೀತು. ಮೇಲಾಗಿ ಸಿಗುವುದು ಪೊಳ್ಳಿನ ಪಡಿಯಚ್ಚು, ಅಚ್ಚಲ್ಲ. ಬದಲಿಗೆ ಮರದ ಅಚ್ಚಿನಲ್ಲಿ ಎಂದಿನಂತೆ ಸಕ್ಕರೆಯ ಬೃಂದಾವನವನ್ನೋ ಮೀನನ್ನೋ ಎರೆದುಕೊಳ್ಳಿ. ಎರಡು ದಿನ ಒಣಗಲು ಬಿಡಿ. ಆ ಸಕ್ಕರೆ ಗೊಂಬೆಯನ್ನೇ ಮಾದರಿಯಾಗಿಟ್ಟು ಸಿಲಿಕೋನ್ ಸುರಿಯಿರಿ. ಸಿಲಿಕೋನ್ ದ್ರವದಲ್ಲಿ ನೀರಿಲ್ಲ, ಆದ್ದರಿಂದ ಸಕ್ಕರೆ ಕರಗುವುದಿಲ್ಲ. ರಬ್ಬರ್ ಗಟ್ಟಿಯಾದ ಮೇಲೆ ಗೊಂಬೆ ಸುಲಭವಾಗಿ ಬಿಡಿಸಿಕೊಳ್ಳದಿದ್ದರೂ ಚಿಂತೆಯಿಲ್ಲ, ಬೆಚ್ಚಗಿನ ನೀರಿನಲ್ಲಿಟ್ಟರೆ ಸಕ್ಕರೆ ತಾನೇ ಕರಗಿ ಹೊರಬರುತ್ತದೆ. ಮಾದರಿಯೇ ತಿನ್ನುವ ಪದಾರ್ಥವಾದ್ದರಿಂದ ಬಣ್ಣದ ಭಯವೂ ಇಲ್ಲ. ಪಾಕಕ್ಕೆ ಹಾಲು ಹಾಕಿರುವುದರಿಂದ ಮೇಲೆ ಹೇಳಿದ ನಾಲ್ಕು ಹನಿಯ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ಸಕ್ಕರೆಯ ಮೈ ತುಸು ಒರಟಾದ್ದರಿಂದ ಚಾಕಲೇಟಿಗೆ ಕನ್ನಡಿಯ ಹೊಳಪು ಬರುವುದಿಲ್ಲ. ಅಜ್ಜಿಯ ಕಾಲದ ಗೆರೆಗಳು ಮಾತ್ರ ಅಚ್ಚುಕಟ್ಟಾಗಿ ಬರುತ್ತವೆ.

ಮೊದಲ ಸಲಕ್ಕೆ ಬುಡ ಚಪ್ಪಟೆಯಾಗಿರುವ, ಸೊಂಡಿಲು, ಕಾಲುಗಳಂಥ ಸಣ್ಣ ಅಂಗಗಳಿಲ್ಲದ ಆಕಾರ ಆರಿಸಿಕೊಳ್ಳಿ. ಬೃಂದಾವನ, ಗೋಪುರ, ಮೀನು ಒಳ್ಳೆಯವು. ಆನೆಯ ಸೊಂಡಿಲು ಚಾಕಲೇಟಿನಲ್ಲಿ ಮುರಿಯುವುದೇ ಹೆಚ್ಚು.

ಈಗ ಕೆಲಸಕ್ಕೆ ಇಳಿಯೋಣ. ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದುಕೊಳ್ಳಿ. ಗಾಜಿನದು ಬೇಡ, ಸಿಲಿಕೋನ್ ಕೆಲವೊಮ್ಮೆ ಗಾಜಿಗೆ ಬಲವಾಗಿ ಹಿಡಿದುಕೊಳ್ಳುತ್ತದೆ. ಗೊಂಬೆಯ ಬುಡಕ್ಕೆ ಗಟ್ಟಿ ಸಕ್ಕರೆ ಪಾಕದ ಹನಿ ಹಾಕಿ ಪೆಟ್ಟಿಗೆಯ ತಳಕ್ಕೆ ಅಂಟಿಸಿ. ಇಲ್ಲದಿದ್ದರೆ ಅದು ಜರುಗಬಹುದು ಅಥವಾ ಬುಡದ ಕೆಳಗೆ ರಬ್ಬರ್ ನುಗ್ಗಬಹುದು. ಗೊಂಬೆಯ ಸುತ್ತ ಮತ್ತು ಮೇಲೆ ಒಂದೊಂದು ಸೆಂಟಿಮೀಟರ್ ಜಾಗ ಉಳಿದರೆ ಸಾಕು.

ಎಷ್ಟು ರಬ್ಬರ್ ಬೇಕೆಂಬ ಲೆಕ್ಕ ಹೀಗೆ. ಪೆಟ್ಟಿಗೆಯ ಉದ್ದ 10, ಅಗಲ 8, ತುಂಬಬೇಕಾದ ಎತ್ತರ 4 ಸೆಂಟಿಮೀಟರ್ ಇದ್ದರೆ ಗಾತ್ರ 320 ಮಿಲಿಲೀಟರ್. ಗೊಂಬೆಯ ಗಾತ್ರ 70 ಎಂದುಕೊಂಡರೆ ಉಳಿಯುವುದು 250. ಈ ರಬ್ಬರಿನ ಸಾಂದ್ರತೆ ಸುಮಾರು 1.1 ಆದ್ದರಿಂದ 275 ಗ್ರಾಂ ಬೇಕು. ಪಾತ್ರೆಗೆ ಅಂಟಿ ಉಳಿಯುವುದಕ್ಕೆಂದು ಸ್ವಲ್ಪ ಸೇರಿಸಿ 300 ಗ್ರಾಂ ಮಾಡಿ. ಎರಡು ಭಾಗಗಳನ್ನು ಸಮತೂಕದಲ್ಲಿ ಬೆರೆಸುವ ಜಾತಿಯಾದರೆ ತಲಾ 150 ಗ್ರಾಂ. ಗೊಂಬೆಯ ಗಾತ್ರ ತಿಳಿಯಲು ಪೆಟ್ಟಿಗೆಗೆ ಗೊಂಬೆಯಿಟ್ಟು ಸುತ್ತಲೂ ಸಾಸಿವೆ ತುಂಬಿ, ಆ ಸಾಸಿವೆಯನ್ನು ಅಳತೆ ಲೋಟದಲ್ಲಿ ಅಳೆಯಬಹುದು. ಆಗ ಕಳೆಯುವ ಲೆಕ್ಕವೂ ಉಳಿಯಿತು. ಬೆಲೆ ಹೆಚ್ಚಿನ ವಸ್ತುವಾದ್ದರಿಂದ ಈ ಲೆಕ್ಕ ಜೇಬಿಗೂ ಒಳ್ಳೆಯದು.

ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇರಲೇಬೇಕು. ಚಮಚದ ಅಳತೆ ಇಲ್ಲಿ ನಡೆಯದು. ಒಂದು ಭಾಗ ಹೆಚ್ಚಾದರೆ ಜೊತೆ ಸಿಗದ ಅಣುಗಳು ರಬ್ಬರಿನಲ್ಲಿ ಬಿಡಿಯಾಗಿ ಉಳಿಯುತ್ತವೆ. ಪ್ರಮಾಣಪತ್ರವಿರುವುದು ಡಬ್ಬಿಯೊಳಗಿನ ದ್ರವಕ್ಕಲ್ಲ, ಸರಿಯಾದ ತೂಕದಲ್ಲಿ ಬೆರೆತು ಸಂಪೂರ್ಣ ಗಟ್ಟಿಯಾದ ರಬ್ಬರಿಗೆ. ಅಂದಕ್ಕೆಂದು ಬಣ್ಣ ಬೆರೆಸುವುದು, ತೆಳುವಾಗಲೆಂದು ಎಣ್ಣೆ ಸೇರಿಸುವುದು ಇವೆಲ್ಲ ಆ ಪ್ರಮಾಣವನ್ನು ಮುರಿದಂತೆ.

ಅಡುಗೆಗೆ ಬಳಸದ ಪ್ರತ್ಯೇಕ ಲೋಟದಲ್ಲಿ, ಕಿಟಕಿ ತೆರೆದಿಟ್ಟು ಬೆರೆಸಿ. ಬದಿ, ತಳಗಳನ್ನು ಕೆರೆಯುತ್ತ ಮೂರು ನಿಮಿಷ ನಿಧಾನವಾಗಿ ತಿರುಗಿಸಿ. ಮೊಸರು ಕಡೆದಂತೆ ಕಡೆದರೆ ಗಾಳಿಗುಳ್ಳೆ ತುಂಬುತ್ತದೆ. ಬೆರೆತದ್ದನ್ನು ಇನ್ನೊಂದು ಲೋಟಕ್ಕೆ ಸುರಿದು ಮತ್ತೊಂದು ನಿಮಿಷ ಬೆರೆಸಿ. ಮೊದಲ ಲೋಟದ ಗೋಡೆಗೆ ಬೆರೆಯದೆ ಅಂಟಿದ್ದು ಇದರಿಂದ ಹಿಂದೆ ಉಳಿಯುತ್ತದೆ. ಹೊಸ ಕುಂಚದಿಂದ ಗೊಂಬೆಯ ಮೈಗೆ ತೆಳುವಾಗಿ ಬಳಿದು, ಗೆರೆಗಳೊಳಗೆ ಗಾಳಿ ಉಳಿಯದಂತೆ ನೋಡಿ. ಆಮೇಲೆ ಒಂದಡಿ ಎತ್ತರದಿಂದ ದಾರದಂಥ ಧಾರೆಯಾಗಿ ಪೆಟ್ಟಿಗೆಯ ಒಂದೇ ಮೂಲೆಗೆ ಸುರಿಯಿರಿ. ರಬ್ಬರ್ ತಾನೇ ಹರಿದು ಗೊಂಬೆಯನ್ನು ಮುಚ್ಚಲಿ. ತೆಳುಧಾರೆಯಲ್ಲಿ ಗುಳ್ಳೆಗಳು ಒಡೆದುಹೋಗುತ್ತವೆ.

ಬಹುತೇಕ ರಬ್ಬರುಗಳು 4ರಿಂದ 6 ಗಂಟೆಗಳಲ್ಲಿ ಗಟ್ಟಿಯಾಗುತ್ತವೆಂದು ವಿವರಪತ್ರ ಹೇಳುತ್ತದೆ. ಆ ಲೆಕ್ಕ ಸುಮಾರು 23 ಡಿಗ್ರಿಯ ಕೋಣೆಗೆ. ಕಲಬುರಗಿಯ ಬೇಸಿಗೆಯಲ್ಲಿ ಬೆರೆಸುತ್ತಿರುವಾಗಲೇ ಬಿಗಿಯತೊಡಗಬಹುದು, ಅಂಥ ಕಡೆ ಮುಂಜಾನೆ ಮಾಡಿ. ಮಡಿಕೇರಿಯ ಚಳಿಯಲ್ಲಿ ಒಂದು ರಾತ್ರಿ ಪೂರ್ತಿ ಬೇಕಾದೀತು. ಬಿಡಿಸಿದ ಮೇಲೆ ಎಲ್ಲಾದರೂ ಬೆರಳಿಗೆ ಅಂಟಿದರೆ ಆ ಅಚ್ಚು ಆಹಾರಕ್ಕಲ್ಲ. ಒರೆಸಿ ಉಪಯೋಗಿಸೋಣ ಎನ್ನಬೇಡಿ, ಬಿಸಾಡಿ.

ಬಿಡಿಸಿದ ಕೂಡಲೇ ಚಾಕಲೇಟ್ ಸುರಿಯುವ ಆತುರವೂ ಬೇಡ. ವಿವರಪತ್ರದಲ್ಲಿ ಹೇಳಿದ ಉಷ್ಣತೆಯಲ್ಲಿ, ಹೇಳಿದಷ್ಟು ಗಂಟೆ, ಅಚ್ಚನ್ನು ವಿದ್ಯುತ್ ಒಲೆಪೆಟ್ಟಿಗೆಯಲ್ಲಿ ಬರಿದಾಗಿ ಕಾಯಿಸಬೇಕು. ಸರಪಣಿಗೆ ಸೇರದೆ ಉಳಿದ ಚಿಕ್ಕ ಅಣುಗಳು ಚಾಕಲೇಟಿನ ಕೊಬ್ಬಿಗೆ ಇಳಿಯುವ ಬದಲು ಇಲ್ಲಿಯೇ ಆವಿಯಾಗಿ ಹೋಗಲಿ ಎಂಬುದು ಉದ್ದೇಶ. ಆ ಹೊತ್ತಿನಲ್ಲಿ ಒಲೆಪೆಟ್ಟಿಗೆಯಲ್ಲಿ ತಿಂಡಿ ಇಡಬಾರದು, ಕಿಟಕಿ ತೆರೆದಿರಬೇಕು. ನಂತರ ಬಿಸಿನೀರು, ಸೋಪಿನಿಂದ ತೊಳೆದು ಸಂಪೂರ್ಣ ಒಣಗಿಸಿ. ಒಂದು ಹನಿ ನೀರು ಉಳಿದರೂ ಕರಗಿದ ಚಾಕಲೇಟ್ ಗಂಟುಕಟ್ಟುತ್ತದೆ.

ಚಾಕಲೇಟಿನ ಹದದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಕೋಕೋ ನಮಗೇನೂ ಪರದೇಶಿಯಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಬೆಳೆಯುತ್ತದೆ, ಕ್ಯಾಂಪ್ಕೊ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಐದನೆಯದಕ್ಕೆ ಮಾತ್ರ ಹೊಳಪು, ಪಟ್ಟೆಂದು ಮುರಿಯುವ ಗುಣ ಇದೆ. ಅದು ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಆದ್ದರಿಂದಲೇ ಕೈಯಲ್ಲಿ ನಿಲ್ಲುತ್ತದೆ, ಬಾಯಲ್ಲಿ ಕರಗುತ್ತದೆ. ಕಪ್ಪು ಚಾಕಲೇಟನ್ನು 45ರಿಂದ 50 ಡಿಗ್ರಿಯವರೆಗೆ ಕರಗಿಸಿ, ಕೈಯಾಡಿಸುತ್ತ 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿದರೆ ಬೇಡದ ಹರಳುಗಳು ಕರಗಿ ಬೇಕಾದದ್ದು ಉಳಿಯುತ್ತದೆ. ಇದನ್ನೇ ಟೆಂಪರಿಂಗ್ ಎನ್ನುವುದು. ಹಾಲಿನ ಚಾಕಲೇಟಿಗೆ ಕೊನೆಯ ಹಂತ ಒಂದೆರಡು ಡಿಗ್ರಿ ಕಡಿಮೆ ಇರಲಿ. ಹೀಗೆ ಹದವಾದ ಚಾಕಲೇಟ್ ತಣ್ಣಗಾಗುತ್ತ ತುಸು ಕುಗ್ಗಿ ಅಚ್ಚಿನಿಂದ ತಾನೇ ಬಿಟ್ಟುಕೊಳ್ಳುತ್ತದೆ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಕಾಂಪೌಂಡ್ ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುವುದರಿಂದ ಈ ಶ್ರಮ ಬೇಕಿಲ್ಲ, ಆದರೆ ರುಚಿಯೂ ಅಷ್ಟಕ್ಕಷ್ಟೆ.

ಇದೇ ಅಚ್ಚಿನಲ್ಲಿ ಸಕ್ಕರೆ ಪಾಕವನ್ನೂ ಹೊಯ್ಯಬಹುದೇ ಎಂದು ಕೇಳುವಿರಿ. ಪಾಕದ ಬಿಸಿ 115 ಡಿಗ್ರಿಯ ಸುಮಾರಿಗೆ ಇರುತ್ತದೆ. ಒಳ್ಳೆಯ ಸಿಲಿಕೋನ್ 200 ಡಿಗ್ರಿಯನ್ನು ತಡೆಯುತ್ತದೆ, ಆದ್ದರಿಂದ ರಬ್ಬರಿಗೆ ತೊಂದರೆಯಿಲ್ಲ. ಆದರೆ ಮೆದುವಾದ ಅಚ್ಚು ತುಂಬಿದ ಮೇಲೆ ಬಾಗುತ್ತದೆ, ಕುದಿಯುವ ಪಾಕ ಕೈಮೇಲೆ ಚೆಲ್ಲಿದರೆ ಎಣ್ಣೆಗಿಂತ ಕೆಟ್ಟದ್ದಾಗಿ ಸುಡುತ್ತದೆ. ಅಚ್ಚನ್ನು ತಟ್ಟೆಯ ಮೇಲಿಟ್ಟೇ ತುಂಬಿ, ಮಕ್ಕಳು ದೂರವಿರಲಿ.

ಅಚ್ಚಿನ ಆರೈಕೆಗೆ ಹೆಚ್ಚು ಮಾತು ಬೇಡ. ಚಾಕು, ತಂತಿಯ ಉಜ್ಜುಗ ತಾಗಿಸಬಾರದು. ಮಸಾಲೆ ಡಬ್ಬಿಯ ಪಕ್ಕ ಇಡಬಾರದು, ರಬ್ಬರ್ ವಾಸನೆ ಹೀರುತ್ತದೆ. ಸೋಪು, ಮೇಣ, ರಾಳ ಎರೆದ ಅಚ್ಚಿಗೆ ಮತ್ತೆಂದೂ ಆಹಾರ ಹಾಕಬಾರದು. ಮನೆಯಲ್ಲಿ ಎರಡೂ ಬಗೆಯ ಕೆಲಸ ನಡೆಯುವುದಾದರೆ ಆಹಾರದ ಅಚ್ಚಿನ ಹಿಂಬದಿಗೆ ಒಂದು ಗುರುತು ಕೊರೆದಿಡಿ. ಹರಿದಾಗ, ಜಿಗುಟಾದಾಗ ಅಚ್ಚಿನ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಮಾಡಿದ್ದನ್ನು ಮಾರುವ ವಿಚಾರವಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕಾಗುತ್ತದೆ. ಯಾವುದೋ ಕಂಪನಿಯ ಕಾರ್ಟೂನ್ ಗೊಂಬೆಯ ಪಡಿಯಚ್ಚು ತೆಗೆದು ಮಾರುವುದು ಕಾನೂನಿಗೆ ವಿರುದ್ಧ.

ಹೃದಯ, ನಕ್ಷತ್ರ, ಗುಲಾಬಿಯ ಆಕಾರ ಸಾಕು ಎನ್ನುವವರು ಈ ಶ್ರಮ ಪಡಬೇಕಾಗಿಲ್ಲ. ನಂಬಿಕೆಯ ತಯಾರಕರ ಸಿದ್ಧ ಅಚ್ಚನ್ನು ಕೊಂಡರೆ ಖರ್ಚೂ ಕಡಿಮೆ. ಅಂಗಡಿಯಲ್ಲಿ ಸಿಗದ ಆಕಾರ ಬೇಕೆನ್ನುವವರಿಗೆ ಈ ವಿದ್ಯೆ. ಮಗುವಿನ ಹೆಸರು, ಊರಿನ ದೇವಸ್ಥಾನದ ಗೋಪುರ, ಅಜ್ಜಿಯ ಅಚ್ಚಿನ ಬೃಂದಾವನ ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪಾತ್ರೆ ಕೊಳ್ಳುವಾಗ ನಾವು ತಟ್ಟಿ ನೋಡುತ್ತೇವೆ, ತಿರುಗಿಸಿ ನೋಡುತ್ತೇವೆ, ಯಾವ ಲೋಹ ಎಂದು ಕೇಳುತ್ತೇವೆ. ಅಚ್ಚು ಕೂಡ ಒಂದು ಪಾತ್ರೆಯೇ. ಯಾವ ರಬ್ಬರ್, ಎಲ್ಲಿದೆ ಅದರ ವಿವರಪತ್ರ ಎಂದು ಕೇಳಲು ಸಂಕೋಚಪಡಬೇಡಿ. ಬರುವ ಸಂಕ್ರಾಂತಿಗೆ ಇನ್ನೂ ಸಮಯವಿರುವಾಗಲೇ ಅಟ್ಟದ ಮೇಲಿನ ಅಚ್ಚುಗಳನ್ನು ಒಮ್ಮೆ ಇಳಿಸಿ, ಯಾವುದು ಬಿರುಕು ಬಿಟ್ಟಿದೆ, ಯಾವುದರ ಜೊತೆ ತಪ್ಪಿದೆ ನೋಡಿ. ಮೊದಲು ಎರೆಯಬೇಕಾದ್ದು ಅದನ್ನು.